ಪತ್ರ ತಲುಪದ್ದರಿಂದ ಸತ್ತರೇ? ರೋಮಿಯೊ–ಜೂಲಿಯೆಟ್ ಆಡಹೊರಟವರಿಗೆ ಉತ್ತರ

ಪ್ರಶ್ನೆ: ನಮ್ಮ ಕಾಲೇಜಿನ ರಂಗತಂಡ ಈ ವರ್ಷ ಷೇಕ್ಸ್‌ಪಿಯರ್‌ನ ‘ರೋಮಿಯೊ ಮತ್ತು ಜೂಲಿಯೆಟ್’ ಆಡಬೇಕೆಂದಿದೆ. ನಮಗೆ ಸಿಗುವುದು 90 ನಿಮಿಷ. ಓದುತ್ತಾ ಹೋದಂತೆ ಒಂದು ಅನುಮಾನ ಕಾಡುತ್ತಿದೆ. ಪಾದ್ರಿಯ ಪತ್ರ ಹೊತ್ತಿಗೆ ಸರಿಯಾಗಿ ರೋಮಿಯೊಗೆ ತಲುಪಿದ್ದರೆ ಯಾರೂ ಸಾಯುತ್ತಿರಲಿಲ್ಲವಲ್ಲ? ಹಾಗಾದರೆ ಇದು ದುರಂತವೋ, ಬರೀ ದುರದೃಷ್ಟವೋ? ಎರಡು ಮನೆತನಗಳ ಜಗಳಕ್ಕೆ ನಾಟಕದಲ್ಲಿ ಕಾರಣವನ್ನೇ ಹೇಳಿಲ್ಲ. ಜಾತಿಯ ಕಾರಣ ಕೊಟ್ಟು ನಮ್ಮೂರಿನ ಕಥೆ ಮಾಡಿದರೆ ಹೇಗೆ? 90 ನಿಮಿಷಕ್ಕೆ ಏನೇನು ಕತ್ತರಿಸಬಹುದು?

ಉತ್ತರ: ಮೂರು ಪ್ರಶ್ನೆಗೂ ಉತ್ತರ ಒಂದೇ ಕಡೆ ಸಿಗುತ್ತದೆ. ಹಾಗಾಗಿ ಕತ್ತರಿಯ ವಿಷಯದಿಂದಲೇ ಶುರು ಮಾಡೋಣ. ಈ ನಾಟಕವನ್ನು ಚಿಕ್ಕದು ಮಾಡಲು ಕೂತವರು ಸಾಮಾನ್ಯವಾಗಿ ಮೊದಲು ಕಿತ್ತುಹಾಕುವುದು ಮೂರು ಪುಟ್ಟ ದೃಶ್ಯಗಳನ್ನು: ಮೂರನೆಯ ಅಂಕದ ನಾಲ್ಕನೆಯದು, ನಾಲ್ಕನೆಯ ಅಂಕದ ಎರಡನೆಯದು, ಐದನೆಯ ಅಂಕದ ಎರಡನೆಯದು. ಮೂರೂ ಸೇರಿದರೆ 120 ಸಾಲು ದಾಟುವುದಿಲ್ಲ. ಅವುಗಳಲ್ಲಿ ಪ್ರೇಮವಿಲ್ಲ, ಕತ್ತಿವರಸೆಯಿಲ್ಲ, ಬಾಯಿಪಾಠ ಮಾಡುವಂಥ ಮಾತೂ ಇಲ್ಲ. ಆದರೆ ಈ ನಾಟಕದ ಗಡಿಯಾರ ಇರುವುದು ಆ ಮೂರರಲ್ಲೇ. ಅವು ಹೋದರೆ ‘ಪತ್ರ ತಲುಪಲಿಲ್ಲ, ಪಾಪ, ಸತ್ತರು’ ಎನ್ನುವುದಷ್ಟೇ ಉಳಿಯುತ್ತದೆ. ನಿಮ್ಮ ಅನುಮಾನ ಹುಟ್ಟುವುದು ಇಂಥ ಕತ್ತರಿಸಿದ ರೂಪಗಳಿಂದಲೇ.

ಆ ಗಡಿಯಾರವನ್ನು ಒಮ್ಮೆ ಬಿಡಿಸಿ ನೋಡಿ. ಷೇಕ್ಸ್‌ಪಿಯರ್‌ಗೆ ಈ ಕಥೆ ಸಿಕ್ಕಿದ್ದು ಮುಖ್ಯವಾಗಿ ಆರ್ಥರ್ ಬ್ರೂಕ್ 1562ರಲ್ಲಿ ಪ್ರಕಟಿಸಿದ ದೀರ್ಘ ಕಥನಕಾವ್ಯದಿಂದ. ಅಲ್ಲಿ ಕಥೆ ತಿಂಗಳುಗಟ್ಟಲೆ ನಡೆಯುತ್ತದೆ. ಮದುವೆಯಾದ ಮೇಲೂ ಪ್ರೇಮಿಗಳು ಎಷ್ಟೋ ವಾರ ಗುಟ್ಟಾಗಿ ಕೂಡುತ್ತಾರೆ. ಜೂಲಿಯೆಟ್‌ಗೆ ಅಲ್ಲಿ ಹದಿನಾರು ತುಂಬುತ್ತಾ ಬಂದಿದೆ. ಷೇಕ್ಸ್‌ಪಿಯರ್ ಇದನ್ನು ಭಾನುವಾರ ಬೆಳಿಗ್ಗೆಯಿಂದ ಗುರುವಾರ ಬೆಳಗಿನ ಜಾವದವರೆಗಿನ ಅವಧಿಗೆ ಇಳಿಸಿದ. ಹುಡುಗಿಯ ವಯಸ್ಸನ್ನೂ ಹದಿಮೂರಕ್ಕೆ ಇಳಿಸಿದ. ಜುಲೈ 31ರ ರಾತ್ರಿಗೆ ಅವಳಿಗೆ ಹದಿನಾಲ್ಕು ತುಂಬುತ್ತದೆ, ಅದಕ್ಕಿನ್ನೂ ಎರಡು ವಾರದ ಮೇಲೆ ಕೆಲವು ದಿನ ಉಳಿದಿವೆ ಎಂದು ದಾದಿ ಲೆಕ್ಕ ಹೇಳುತ್ತಾಳೆ. ಅಂದರೆ ಇದು ಜುಲೈ ನಡುವಿನ ಬಿರುಬಿಸಿಲಿನ ಕಥೆ. ಬಿಸಿಲಿಗೆ ನೆತ್ತರು ಹುಚ್ಚೇಳುತ್ತದೆ, ಮನೆಗೆ ಹೋಗೋಣ ಎಂದು ರೋಮಿಯೊನ ಬಂಧು ಬೆನ್ವೋಲಿಯೊ ಮೂರನೆಯ ಅಂಕದ ಆರಂಭದಲ್ಲಿ ಗೋಗರೆಯುವುದು ಸುಮ್ಮನೆ ಅಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬೀದಿ ಜಗಳ. ರಾತ್ರಿ ಜೂಲಿಯೆಟ್‌ಳ ತಂದೆ ಕ್ಯಾಪ್ಯುಲೆಟ್‌ನ ಮನೆಯಲ್ಲಿ ಔತಣ, ನಡುರಾತ್ರಿ ಕಿಟಕಿಯ ಕೆಳಗಿನ ಮಾತುಕತೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಜೂಲಿಯೆಟ್ ದಾದಿಯನ್ನು ಕಳಿಸುತ್ತಾಳೆ. ಅರ್ಧ ಗಂಟೆಯಲ್ಲಿ ಬರುತ್ತೇನೆಂದವಳು ಹನ್ನೆರಡಾದ ಮೇಲೆ ಬರುತ್ತಾಳೆ. ಮಧ್ಯಾಹ್ನ ಪಾದ್ರಿ ಲಾರೆನ್ಸ್‌ನ ಕೋಣೆಯಲ್ಲಿ ಮದುವೆ. ಜೂಲಿಯೆಟ್‌ಳ ಸೋದರಸಂಬಂಧಿ ಟಿಬಾಲ್ಟ್ ತನ್ನ ನೆಂಟನಾಗಿ ಇನ್ನೂ ಒಂದು ಗಂಟೆಯಾಯಿತು ಎಂದು ರೋಮಿಯೊ ಹೇಳುವ ಹೊತ್ತಿಗೆ ಅವನ ಗೆಳೆಯ ಮರ್ಕ್ಯುಷಿಯೊ ಸಾಯುತ್ತಿದ್ದಾನೆ. ಆಮೇಲೆ ರೋಮಿಯೊ ಕೈಯಲ್ಲಿ ಟಿಬಾಲ್ಟ್‌ನ ಕೊಲೆ, ರೋಮಿಯೊಗೆ ಗಡೀಪಾರು. ಮಂಗಳವಾರ ನಸುಕಿಗೆ ಅವನು ಮಾಂಟುವಾಕ್ಕೆ ಹೊರಡುತ್ತಾನೆ. ವೆರೋನಾದಿಂದ ಅದು ಸುಮಾರು 40 ಕಿಲೋಮೀಟರ್, ಕುದುರೆಯವನಿಗೆ ಒಂದು ದಿನದೊಳಗಿನ ದಾರಿ.

ಈಗ ಆ ಮೊದಲ ಪುಟ್ಟ ದೃಶ್ಯಕ್ಕೆ ಬನ್ನಿ. ಸೋಮವಾರ ತಡರಾತ್ರಿ. ಮಹಡಿಯ ಮೇಲೆ ಮಗಳ ಕೋಣೆಯಲ್ಲಿ ರೋಮಿಯೊ ಇದ್ದಾನೆ. ಕೆಳಗೆ ಅಪ್ಪ, ಪ್ಯಾರಿಸ್ ಎಂಬ ಕುಲೀನ ಯುವಕನ ಜೊತೆ ಮಗಳ ಮದುವೆ ಗೊತ್ತು ಮಾಡುತ್ತಿದ್ದಾನೆ. ಇವತ್ತು ಯಾವ ವಾರ ಎಂದು ಕೇಳುತ್ತಾನೆ, ಸೋಮವಾರ ಎಂದಾಗ ನಗುತ್ತಾನೆ. ಬುಧವಾರ ತೀರಾ ಅವಸರವಾಯಿತು, ಗುರುವಾರ ಇಟ್ಟುಕೊಳ್ಳೋಣ ಅನ್ನುತ್ತಾನೆ. ಟಿಬಾಲ್ಟ್ ಸತ್ತ ಸೂತಕದ ಮನೆ, ಹೆಚ್ಚು ಜನ ಬೇಡ, ಆರು ಜನ ಸ್ನೇಹಿತರು ಸಾಕು ಎಂಬ ಸಮಾಧಾನ ಬೇರೆ. ಮಗಳನ್ನು ಒಂದು ಮಾತು ಕೇಳುವುದಿಲ್ಲ. ಅವಳು ನನ್ನ ಮಾತು ಮೀರಲಾರಳು ಎಂದು ಅವಳ ಪರವಾಗಿ ತಾನೇ ಮಾತು ಕೊಟ್ಟುಬಿಡುತ್ತಾನೆ.

ಇದೇ ಕ್ಯಾಪ್ಯುಲೆಟ್ ಒಂದನೆಯ ಅಂಕದಲ್ಲಿ ಆಡಿದ ಮಾತು ಪ್ರೇಕ್ಷಕರಿಗೆ ನೆನಪಿರಬೇಕು: ಮಗಳು ಇನ್ನೂ ಚಿಕ್ಕವಳು, ಎರಡು ಬೇಸಿಗೆ ಕಳೆಯಲಿ, ನೀನೇ ಅವಳ ಮನಸ್ಸು ಗೆದ್ದುಕೋ, ನನ್ನ ಒಪ್ಪಿಗೆ ಅವಳ ಒಪ್ಪಿಗೆಯ ಒಂದು ಭಾಗ ಮಾತ್ರ. ಎರಡು ವರ್ಷ ಎಂದವನು ಮೂರು ದಿನಕ್ಕೆ ಇಳಿದದ್ದು ಯಾಕೆ? ನಾಟಕ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಲೆಕ್ಕ ಎದುರಿಗೇ ಇದೆ. ಪ್ಯಾರಿಸ್ ವೆರೋನಾದ ಅರಸನ ಬಂಧು. ಅವತ್ತು ಸತ್ತ ಮರ್ಕ್ಯುಷಿಯೊ ಕೂಡ ಅರಸನ ಬಂಧುವೇ, ಕೊಂದವನು ಕ್ಯಾಪ್ಯುಲೆಟ್ ಮನೆಯ ಟಿಬಾಲ್ಟ್. ಅರಸನ ಮುನಿಸಿಗೆ ಗುರಿಯಾಗುವ ಮನೆಗೆ ಅರಸನ ಮನೆಯ ನೆಂಟಸ್ತಿಕೆ ತುರ್ತಾಗಿ ಬೇಕು. ಕ್ಯಾಪ್ಯುಲೆಟ್ ಪಾತ್ರಧಾರಿಗೆ ಈ ಕಾರಣ ಕೊಟ್ಟು ನೋಡಿ. ಮೂರನೆಯ ಅಂಕದ ಐದನೆಯ ದೃಶ್ಯದಲ್ಲಿ ಅವನು ಮಗಳ ಮೇಲೆ ಎಗರಿಬೀಳುವುದು ಆಗ ಬರೀ ಮುಂಗೋಪ ಅನ್ನಿಸುವುದಿಲ್ಲ. ಬೀದಿಯಲ್ಲಿ ಭಿಕ್ಷೆ ಬೇಡು, ಹಸಿದು ಸಾಯಿ, ನನಗೂ ನಿನಗೂ ಸಂಬಂಧವಿಲ್ಲ ಎನ್ನುವ ಅವನ ಸಿಟ್ಟಿನ ಹಿಂದೆ ಕೊಟ್ಟ ಮಾತು ಉಳಿಸಿಕೊಳ್ಳಬೇಕಾದವನ ಗಾಬರಿ ಇರುತ್ತದೆ.

ಆ ದೃಶ್ಯವನ್ನು ಎಷ್ಟೇ ಇಕ್ಕಟ್ಟಾದರೂ ಪೂರ್ತಿ ಇಟ್ಟುಕೊಳ್ಳಿ. ಸುಮಾರು 240 ಸಾಲಿದೆ, ನಾಟಕದ ಬೆನ್ನುಮೂಳೆ ಅದು. ಗಂಡ ಕಿಟಕಿಯಿಂದ ಇಳಿದು ಹೋಗುತ್ತಾನೆ, ತಾಯಿ ಬರುತ್ತಾಳೆ, ತಂದೆ ಬೈದು ಹೋಗುತ್ತಾನೆ, ತಾಯಿ ನನ್ನನ್ನು ಮಾತಾಡಿಸಬೇಡ ಎಂದು ಬೆನ್ನು ತಿರುಗಿಸುತ್ತಾಳೆ. ಉಳಿದವಳು ದಾದಿ ಒಬ್ಬಳೇ. ಅವಳೂ ಪ್ಯಾರಿಸ್‌ನನ್ನು ಮದುವೆಯಾಗುವುದೇ ಒಳ್ಳೆಯದು, ರೋಮಿಯೊ ಅವನ ಮುಂದೆ ಪಾತ್ರೆ ಒರೆಸುವ ಬಟ್ಟೆ ಎನ್ನುತ್ತಾಳೆ. ನೀನು ನನಗೆ ಬಹಳ ಸಮಾಧಾನ ಹೇಳಿದೆ ಎಂದು ಜೂಲಿಯೆಟ್ ಅವಳಿಗೆ ಉತ್ತರಿಸುವ ಸಾಲಿನಲ್ಲಿ ವ್ಯಂಗ್ಯದ ರಾಗ ಎಳೆಯಬಾರದು. ದಾದಿಗೆ ಅದು ನಿಜವೆನ್ನಿಸಬೇಕು, ಪ್ರೇಕ್ಷಕರಿಗೆ ಮಾತ್ರ ಬಾಗಿಲು ಮುಚ್ಚಿದ್ದು ತಿಳಿಯಬೇಕು. ಹದಿಮೂರರ ಹುಡುಗಿ ಮೊದಲ ಸಲ ತನ್ನ ಮನಸ್ಸಿನಲ್ಲಿರುವುದನ್ನು ದಾದಿಯಿಂದ ಬಚ್ಚಿಡುವುದು ಆ ಗಳಿಗೆಯಲ್ಲಿ.

ಎರಡನೆಯ ಪುಟ್ಟ ದೃಶ್ಯ ಮಂಗಳವಾರ ಸಂಜೆಯದು. ಅದಕ್ಕೆ ಮುಂಚೆ ಪಾದ್ರಿಯ ಯೋಜನೆ ಏನಿತ್ತು ಎಂದು ನೋಡಿಕೊಳ್ಳಬೇಕು. ಮನೆಗೆ ಹೋಗು, ನಗುನಗುತ್ತಾ ಮದುವೆಗೆ ಒಪ್ಪಿಕೋ, ನಾಳೆ ಬುಧವಾರ ರಾತ್ರಿ ಒಬ್ಬಳೇ ಮಲಗಿ ಈ ಔಷಧ ಕುಡಿ ಎನ್ನುತ್ತಾನೆ. 42 ಗಂಟೆ ಸತ್ತಂತೆ ಇರುತ್ತೀ, ಅಷ್ಟರಲ್ಲಿ ರೋಮಿಯೊಗೆ ಪತ್ರ ಮುಟ್ಟಿಸಿ ಕರೆಸಿಕೊಳ್ಳುತ್ತೇನೆ, ಏಳುವಾಗ ನಾವಿಬ್ಬರೂ ಪಕ್ಕದಲ್ಲಿರುತ್ತೇವೆ. ಲೆಕ್ಕದ ಪ್ರಕಾರ ಅವಳು ಎಚ್ಚರಗೊಳ್ಳಬೇಕಾದದ್ದು ಶುಕ್ರವಾರ ಸಂಜೆಯ ಹೊತ್ತಿಗೆ.

ಜೂಲಿಯೆಟ್ ಹೇಳಿದಂತೆಯೇ ಮಾಡುತ್ತಾಳೆ. ಅಪ್ಪನ ಮುಂದೆ ಮಂಡಿಯೂರಿ, ಇನ್ನು ಮುಂದೆ ನೀವು ಹೇಳಿದಂತೆ ಎನ್ನುತ್ತಾಳೆ. ಆ ವಿಧೇಯತೆಯಿಂದಲೇ ಎಲ್ಲ ಕೆಡುತ್ತದೆ. ಮುದುಕ ಹಿಗ್ಗಿಹೋಗಿ, ಗುರುವಾರ ಯಾಕೆ, ನಾಳೆ ಬೆಳಿಗ್ಗೆಯೇ ಗಂಟು ಹಾಕಿಸುತ್ತೇನೆ ಎಂದುಬಿಡುತ್ತಾನೆ. ಬೇಡ, ಗುರುವಾರದವರೆಗೆ ಹೊತ್ತಿದೆ, ಸಾಮಾನು ಸಾಲದು, ಆಗಲೇ ಕತ್ತಲಾಗುತ್ತಿದೆ ಎಂದು ಹೆಂಡತಿ ಹೇಳಿದರೂ ಕೇಳುವವನಲ್ಲ. ಆರು ಜನ ಸಾಕು ಎಂದಿದ್ದವನು ಈ ದೃಶ್ಯ ಶುರುವಾಗುವಾಗಲೇ ಇಪ್ಪತ್ತು ಜನ ನುರಿತ ಅಡುಗೆಯವರನ್ನು ಕರೆತರಲು ಆಳನ್ನು ಓಡಿಸಿದ್ದ. ಹೀಗೆ ಒಂದು ದಿನ ಮಾಯವಾಯಿತು. ಬುಧವಾರ ರಾತ್ರಿ ಕುಡಿಯಬೇಕಾದ ಔಷಧವನ್ನು ಜೂಲಿಯೆಟ್ ಮಂಗಳವಾರ ರಾತ್ರಿಯೇ ಕುಡಿಯಬೇಕಾಯಿತು.

ಇಲ್ಲೊಂದು ಸಣ್ಣ ಲೆಕ್ಕ ಹಾಕಿ. ಪತ್ರ ಒಯ್ದ ಪಾದ್ರಿ ಜಾನ್ ಅದನ್ನು ಕೊಡಲಾಗದೆ ಹಿಂದಿರುಗುವುದು ಬುಧವಾರ ರಾತ್ರಿ. ಮೂಲ ಯೋಜನೆಯಂತೆ ನಡೆದಿದ್ದರೆ ಜೂಲಿಯೆಟ್ ಆಗಷ್ಟೇ ಔಷಧ ಕುಡಿಯುವ ಹೊತ್ತು. ಇನ್ನೊಬ್ಬನನ್ನು ಕಳಿಸಲು ಲಾರೆನ್ಸ್‌ಗೆ ಎರಡು ಹಗಲು ಉಳಿದಿರುತ್ತಿದ್ದವು. ಮಾಂಟುವಾದಲ್ಲಿ ರೋಮಿಯೊಗೆ ಸಾವಿನ ಸುದ್ದಿಯೂ ಆಗ ಮುಟ್ಟಿರುತ್ತಿರಲಿಲ್ಲ, ಯಾಕೆಂದರೆ ಸುದ್ದಿಯೇ ಹುಟ್ಟಿರುತ್ತಿರಲಿಲ್ಲ. ಪತ್ರ ತಡವಾದದ್ದು ನಿಜ. ಅದು ಕೊಲ್ಲುವಂಥ ತಡವಾದದ್ದು ಮಾತ್ರ ಅಪ್ಪ ಕಿತ್ತುಕೊಂಡ ಆ ಒಂದು ದಿನದಿಂದ.

ಮೂರನೆಯದು ಪಾದ್ರಿ ಜಾನ್‌ನ ಮೂವತ್ತು ಸಾಲಿನ ದೃಶ್ಯ. ಜೊತೆಗೆ ಇನ್ನೊಬ್ಬ ಸನ್ಯಾಸಿ ಇರಲೆಂದು ಹುಡುಕಿ ಹೋಗುತ್ತಾನೆ. ಆ ಸನ್ಯಾಸಿ ರೋಗಿಗಳ ಆರೈಕೆಯಲ್ಲಿದ್ದ. ಮನೆಗೆ ಪ್ಲೇಗ್ ತಗುಲಿದೆ ಎಂಬ ಶಂಕೆಯಿಂದ ಊರಿನ ತಪಾಸಣೆಯವರು ಇಬ್ಬರನ್ನೂ ಒಳಗೆ ಹಾಕಿ ಬಾಗಿಲಿಗೆ ಮೊಹರು ಒತ್ತುತ್ತಾರೆ. ಇದನ್ನು ಲೇಖಕನ ಕೈಚಳಕ ಎಂದು ತಳ್ಳಿಹಾಕುವವರಿದ್ದಾರೆ. 1592ರಿಂದ 94ರವರೆಗೆ ಪ್ಲೇಗಿನಿಂದಾಗಿ ಲಂಡನ್ನಿನ ನಾಟಕಶಾಲೆಗಳು ಹೆಚ್ಚೂಕಡಿಮೆ ಮುಚ್ಚಿಯೇ ಇದ್ದವು. ಈ ನಾಟಕ ಬಂದದ್ದು ಅದರ ಬೆನ್ನಿಗೇ. ಬಾಗಿಲಿಗೆ ಮೊಹರು ಬೀಳುವುದು ಆ ಪ್ರೇಕ್ಷಕರಿಗೆ ನೆರೆಮನೆಯ ಸಂಗತಿ. 2020ರ ಸೀಲ್‌ಡೌನ್ ನೋಡಿದ ನಿಮ್ಮ ಪ್ರೇಕ್ಷಕರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮೆರಡೂ ಮನೆಗಳಿಗೆ ಪ್ಲೇಗ್ ಬಡಿಯಲಿ ಎಂದು ಸಾಯುವಾಗ ಮರ್ಕ್ಯುಷಿಯೊ ಹಾಕಿದ ಶಾಪ ಇಲ್ಲಿ ಅಕ್ಷರಶಃ ಫಲಿಸುತ್ತದೆ ಎಂಬುದನ್ನೂ ಗಮನಿಸಿ. ಅನುವಾದದಲ್ಲಿ ಅವನ ಮಾತನ್ನು ‘ಹಾಳಾಗಿ ಹೋಗಲಿ’ ಎಂದು ಮಾಡಿದರೆ ಈ ಕೊಂಡಿ ಕಳಚುತ್ತದೆ. ಎರಡೂ ಕಡೆ ಪ್ಲೇಗ್ ಎಂದೇ ಇರಲಿ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತಪ್ಪು ಪಠ್ಯದಲ್ಲಿ ಅಡಗಿದೆ, ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ರೋಮಿಯೊನನ್ನು ಮಾಂಟುವಾಕ್ಕೆ ಕಳಿಸುವಾಗ ಪಾದ್ರಿ ಏನು ಹೇಳಿದ್ದ? ನಿನ್ನ ಆಳನ್ನು ಹುಡುಕಿ ಅವನ ಕೈಯಲ್ಲೇ ಇಲ್ಲಿನ ಸುದ್ದಿ ಆಗಾಗ ಕಳಿಸುತ್ತೇನೆ ಎಂದಿದ್ದ. ಆಳು ಎಂದರೆ ಬಾಲ್ತಜಾರ್. ಮರುದಿನ ಯೋಜನೆ ಹೂಡುವಾಗ ಮಾತು ಬದಲಾಗುತ್ತದೆ, ಸನ್ಯಾಸಿಯೊಬ್ಬನ ಕೈಯಲ್ಲಿ ಪತ್ರ ಕಳಿಸುತ್ತೇನೆ ಎನ್ನುತ್ತಾನೆ. ಬಾಲ್ತಜಾರ್‌ಗೆ ಯಾರೂ ಏನೂ ಹೇಳಲಿಲ್ಲ. ಜೂಲಿಯೆಟ್‌ಳನ್ನು ಸಮಾಧಿಗೆ ಇಳಿಸಿದ್ದನ್ನು ಕಣ್ಣಾರೆ ಕಂಡು, ಅವನು ಸ್ವಾಮಿನಿಷ್ಠೆಯಿಂದ ಕುದುರೆ ಏರಿ ಮಾಂಟುವಾಕ್ಕೆ ಓಡುತ್ತಾನೆ. ರೋಮಿಯೊ ಅವನನ್ನು ಎರಡು ಸಲ ಕೇಳುತ್ತಾನೆ. ಬಂದ ಕೂಡಲೇ ಒಮ್ಮೆ, ಸುದ್ದಿ ಕೇಳಿದ ಮೇಲೆ ಇನ್ನೊಮ್ಮೆ: ಪಾದ್ರಿಯಿಂದ ಪತ್ರ ಇಲ್ಲವೇ? ಇಲ್ಲ ಎಂದಾಗ, ಇರಲಿ ಬಿಡು ಎಂದು ಕುದುರೆ ತರಲು ಕಳಿಸುತ್ತಾನೆ. ಎರಡನೆಯ ಸಲ ಕೇಳಿದ ಮೇಲೆ ಒಂದು ಉಸಿರಿನಷ್ಟು ನಿಲ್ಲಿಸಿ. ಅವನು ಇನ್ನೊಂದು ದಿನ ಕಾಯಬಹುದಿತ್ತು ಎಂದು ಸಭೆಗೆ ಆಗ ಹೊಳೆಯುತ್ತದೆ. ಅವಸರ ಅಪ್ಪನೊಬ್ಬನ ರೋಗವಲ್ಲ, ಆ ಊರಿಗೇ ಹತ್ತಿದ್ದು. ಭಾನುವಾರ ಕಂಡವಳನ್ನು ಸೋಮವಾರ ಮದುವೆಯಾದವನೂ ಅದೇ ಊರಿನವನೇ ತಾನೇ.

ಗಂಟೆ ಎಣಿಸುವ ವಿದ್ಯಾರ್ಥಿ ನಿಮ್ಮ ತಂಡದಲ್ಲಿ ಒಬ್ಬನಾದರೂ ಇರುತ್ತಾನೆ. ಮಂಗಳವಾರ ರಾತ್ರಿ ಕುಡಿದರೆ 42 ಗಂಟೆ ಮುಗಿಯುವುದು ಗುರುವಾರ ಮಧ್ಯಾಹ್ನದ ಮೇಲೆ, ಆದರೆ ಅವಳು ಗುರುವಾರ ಬೆಳಕು ಹರಿಯುವ ಮೊದಲೇ ಏಳುತ್ತಾಳಲ್ಲ ಎಂದು ಕೇಳುತ್ತಾನೆ. ಅವನ ಲೆಕ್ಕ ಸರಿ. ವಿದ್ವಾಂಸರೂ ಇದನ್ನು ಬಹುಕಾಲದಿಂದ ಗುರುತಿಸಿದ್ದಾರೆ. ತಿದ್ದಲು ಹೋಗಬೇಡಿ. ರಂಗದ ಮೇಲೆ ಇದು ಯಾರಿಗೂ ಅಡ್ಡಬರುವುದಿಲ್ಲ. 42ನ್ನು 30 ಮಾಡಿದರೆ ಪಾದ್ರಿಯ ಮೂಲ ಲೆಕ್ಕವೇ ಕೆಡುತ್ತದೆ.

ಇನ್ನು ಜಗಳದ ಕಾರಣ. ನಾಟಕ ಶುರುವಾಗುವುದೇ ಘನತೆಯಲ್ಲಿ ಸರಿಸಮಾನವಾದ ಎರಡು ಮನೆತನ ಎಂಬ ಮಾತಿನಿಂದ. ಹಳೆಯ ದ್ವೇಷ ಎಂಬುದರ ಹೊರತು ಬೇರೆ ಕಾರಣವಿಲ್ಲ. ಇದು ಕೊರತೆಯಲ್ಲ. ಯಜಮಾನರಿಗೇ ಈ ಜಗಳದಲ್ಲಿ ಅಂಥ ಉತ್ಸಾಹ ಉಳಿದಿಲ್ಲ. ನಮ್ಮಂಥ ವಯಸ್ಸಾದವರು ಶಾಂತಿಯಿಂದಿರುವುದು ಕಷ್ಟವಲ್ಲ ಎಂದು ಕ್ಯಾಪ್ಯುಲೆಟ್ ಒಂದನೆಯ ಅಂಕದಲ್ಲೇ ಹೇಳುತ್ತಾನೆ. ಔತಣಕ್ಕೆ ಮುಖವಾಡ ಹಾಕಿ ನುಗ್ಗಿದ ರೋಮಿಯೊನನ್ನು ಟಿಬಾಲ್ಟ್ ಹಿಡಿಯಹೋದಾಗ, ಊರೆಲ್ಲ ಹೊಗಳುವ ಸಭ್ಯ ಹುಡುಗ, ಬಿಡು ಎಂದು ತಡೆಯುವವನೂ ಅವನೇ. ಜಗಳವನ್ನು ಜೀವಂತ ಇಟ್ಟಿರುವುದು ಆಳುಗಳು, ಕೆಲಸವಿಲ್ಲದ ಯುವಕರು, ಮತ್ತೆ ಬಿಟ್ಟುಕೊಟ್ಟರೆ ಮಾನ ಹೋಗುತ್ತದೆ ಎಂಬ ಅಳುಕು. ಟಿಬಾಲ್ಟ್ ಸತ್ತ ಮೇಲೆ ಮಾತ್ರ ಜೂಲಿಯೆಟ್‌ಳ ತಾಯಿ ಮಾಂಟುವಾದಲ್ಲಿ ರೋಮಿಯೊಗೆ ವಿಷ ಹಾಕಿಸುವ ಮಾತಾಡುತ್ತಾಳೆ. ಟಿಬಾಲ್ಟ್ ಅವಳ ಅಣ್ಣನ ಮಗ.

ಜಾತಿಯನ್ನು ತಂದು ಕೂರಿಸಿದರೆ ಏನಾಗುತ್ತದೆ? ಸರಿಸಮಾನ ಎಂಬ ಮೊದಲ ಸಾಲೇ ಸುಳ್ಳಾಗುತ್ತದೆ. ಮೇಲುಕೀಳಿನ ನಡುವೆ ನಡೆಯುವುದು ಪರಸ್ಪರ ಹಗೆಯಲ್ಲ, ಒಂದು ಕಡೆಯ ದಬ್ಬಾಳಿಕೆ. ಕೊನೆಯಲ್ಲಿ ಅರಸ ಇಬ್ಬರು ಮುದುಕರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ನೋಡಿ, ನಿಮ್ಮ ದ್ವೇಷಕ್ಕೆ ಏನು ಶಿಕ್ಷೆಯಾಯಿತು ಎನ್ನುತ್ತಾನೆ. ಮರ್ಯಾದೆಯ ಹೆಸರಿನಲ್ಲಿ ನಡೆಯುವ ಕೊಲೆಯ ಕಥೆಯಲ್ಲಿ ಹೀಗೆ ತಪ್ಪನ್ನು ಇಬ್ಬರಿಗೂ ಸಮನಾಗಿ ಹಂಚುವುದು ಅನ್ಯಾಯ, ಹಿಂಸೆಗೆ ಈಡಾದವರನ್ನೂ ಆರೋಪಿ ಮಾಡಿದಂತಾಗುತ್ತದೆ. ಆ ವಸ್ತುವಿನ ಬಗ್ಗೆ ನಾಟಕ ಬೇಕು, ಅದನ್ನು ಬೇರೆಯಾಗಿಯೇ ಬರೆಯಿರಿ. ನೆಲ ಬದಲಾಯಿಸುವುದಕ್ಕೆ ಅಡ್ಡಿಯಿಲ್ಲ. ಹ್ಯಾಮ್ಲೆಟ್‌ನನ್ನು ಕುವೆಂಪು ‘ರಕ್ತಾಕ್ಷಿ’ಯಲ್ಲಿ ಬಿದನೂರಿಗೆ ತಂದರು, ಅಲ್ಲಿಯ ಅರಮನೆಯ ಒಳಜಗಳ ಮೂಲಕ್ಕೆ ಹೊಂದಿಕೊಂಡಿತು. ಹಾಗೆ ತರುವುದಾದರೆ ಒಂದೇ ಅಂತಸ್ತಿನ, ಒಂದೇ ಜಾತಿಯ, ಎರಡು ತಲೆಮಾರಿನಿಂದ ಮಾತು ಬಿಟ್ಟ ಎರಡು ಮನೆ ಹುಡುಕಿ. ಯಾಕೆ ಮಾತು ಬಿಟ್ಟರು ಎಂದು ನಾಟಕದಲ್ಲಿ ಯಾರಿಗೂ ನೆನಪಿರಬಾರದು. ಅಂಥ ಮನೆಗಳಿಗೆ ನಮ್ಮ ಯಾವ ತಾಲ್ಲೂಕಿನಲ್ಲೂ ಬರವಿಲ್ಲ.

ಮುಕ್ತಾಯವನ್ನು ಮೆತ್ತಗೆ ಮಾಡುವ ಆಸೆಯೂ ಹುಟ್ಟಬಹುದು, ಅದು ಹಳೆಯ ಚಟ. 19ನೇ ಶತಮಾನದ ಕೊನೆಯಲ್ಲಿ ಕನ್ನಡಕ್ಕೆ ಬಂದ ಇದರ ರೂಪಾಂತರ ‘ರಾಮವರ್ಮ ಲೀಲಾವತಿ’ ಪ್ರೇಮಿಗಳನ್ನು ಬದುಕಿಸಿತು. ಸಾವಿನಲ್ಲಿ ನಾಟಕ ಮುಗಿಸಬಾರದೆಂಬ ಸಂಸ್ಕೃತ ನಾಟಕದ ಕಟ್ಟಳೆ ಆಗಿನ್ನೂ ಬಲವಾಗಿತ್ತು. ಇಂಗ್ಲಿಷರೇನೂ ಹಿಂದೆ ಬೀಳಲಿಲ್ಲ. ಹೆಸರಾಂತ ನಟ ಡೇವಿಡ್ ಗ್ಯಾರಿಕ್ 1748ರಲ್ಲಿ, ರೋಮಿಯೊ ವಿಷ ಕುಡಿದ ಮೇಲೆ ಸಾಯುವ ಮೊದಲೇ ಜೂಲಿಯೆಟ್ ಏಳುವಂತೆ ಮಾಡಿ ಇಬ್ಬರಿಗೂ ಉದ್ದುದ್ದ ಮಾತು ಬರೆದುಕೊಟ್ಟ. ಸುಮಾರು ನೂರು ವರ್ಷ ಇಂಗ್ಲಿಷ್ ರಂಗಭೂಮಿ ಅದನ್ನೇ ಆಡಿತು. 1845ರಲ್ಲಿ ಷಾರ್ಲಟ್ ಕುಶ್ಮನ್ ಎಂಬ ನಟಿ ತಾನೇ ರೋಮಿಯೊ ಆಗಿ, ತಂಗಿಯನ್ನು ಜೂಲಿಯೆಟ್ ಮಾಡಿ ಲಂಡನ್ನಿನಲ್ಲಿ ಆಡಿದಾಗ ಮೂಲ ಪಾಠ ಮತ್ತೆ ರಂಗಕ್ಕೆ ಬಂತು. ಗ್ಯಾರಿಕ್‌ನ ದಾರಿ ಸಭೆಯನ್ನು ಅಳಿಸುತ್ತದೆ, ಸಂದೇಹವಿಲ್ಲ. ಆದರೆ ಕೆಲವೇ ನಿಮಿಷದ ಅಂತರದಲ್ಲಿ ಒಬ್ಬರಿಗೊಬ್ಬರು ಸಿಗದೆ ಹೋಗುವುದೇ ಇಲ್ಲಿನ ಪೆಟ್ಟು. ಮೂಲದ ಹಾಗೆಯೇ ಬಿಡಿ.

ಈಗ 90 ನಿಮಿಷದ ಲೆಕ್ಕ. 1599ರ ಎರಡನೆಯ ಕ್ವಾರ್ಟೊ (ಚಿಕ್ಕ ಆಕಾರದ ಪುಸ್ತಕ) ಮುದ್ರಣವನ್ನು ಆಧರಿಸಿದ ಇಂದಿನ ಪಾಠದಲ್ಲಿ ಸುಮಾರು 3,000 ಸಾಲುಗಳಿವೆ. 1597ರ ಮೊದಲನೆಯ ಕ್ವಾರ್ಟೊದಲ್ಲಿ ಸುಮಾರು 2,200. ಅಂದರೆ ಕತ್ತರಿಸಿ ಆಡುವುದು ಷೇಕ್ಸ್‌ಪಿಯರ್ ಬದುಕಿದ್ದಾಗಲೇ ಇತ್ತು, ಅಳುಕಬೇಡಿ. ಇಂಗ್ಲಿಷಿನಲ್ಲಿ ಚುರುಕಾಗಿ ಆಡಿದರೆ ಗಂಟೆಗೆ ಸಾವಿರ ಸಾಲು ಸಾಗುತ್ತದೆ. ಕನ್ನಡದಲ್ಲಿ ಪದಗಳೇ ಉದ್ದ, ಅಷ್ಟು ಸಾಗುವುದಿಲ್ಲ. ಕುಣಿತ, ಕತ್ತಿಕಾಳಗ, ದೃಶ್ಯ ಬದಲಾವಣೆಗೆ ಹದಿನೈದು ನಿಮಿಷ ತೆಗೆದಿಟ್ಟರೆ ಉಳಿಯುವುದು 75. ಮೂಲದ 1,100 ಸಾಲುಗಳಷ್ಟು ಇಟ್ಟುಕೊಳ್ಳುವ ಗುರಿಯಿರಲಿ.

ಧಾರಾಳವಾಗಿ ತೆಗೆಯಬಹುದಾದವು: ಎರಡನೆಯ ಅಂಕದ ಮುಂಚಿನ ಮೇಳದ ಪದ್ಯ, ಮೊದಲ ದೃಶ್ಯದಲ್ಲಿ ಆಳುಗಳ ಶ್ಲೇಷೆಗಳು, ಎರಡನೆಯ ಅಂಕದಲ್ಲಿ ರೋಮಿಯೊ ಮತ್ತು ಮರ್ಕ್ಯುಷಿಯೊ ನಡುವಿನ ಮಾತಿನ ಮಲ್ಲಯುದ್ಧ, ಜೂಲಿಯೆಟ್ ಸತ್ತಳೆಂದು ಮನೆಯವರು ಅತ್ತ ಮೇಲೆ ಬರುವ ವಾದ್ಯಗಾರರ ಹಾಸ್ಯ. ಈ ಕೊನೆಯದನ್ನು ಮೊದಲ ತಂಡದ ಹಾಸ್ಯನಟ ವಿಲ್ ಕೆಂಪ್‌ಗೆಂದು ಬರೆದದ್ದು, ಅವನ ಹೆಸರೇ ಎರಡನೆಯ ಕ್ವಾರ್ಟೊದ ರಂಗಸೂಚನೆಯಲ್ಲಿ ಉಳಿದುಬಿಟ್ಟಿದೆ. ಕನಸು ತರುವ ಕಿನ್ನರಿ ಮ್ಯಾಬ್ ರಾಣಿಯ ಬಗ್ಗೆ ಮರ್ಕ್ಯುಷಿಯೊ ಆಡುವ ಮಾತು 42 ಸಾಲಿದೆ, ಹದಿನೈದಕ್ಕೆ ಇಳಿಸಿ. ಪೂರ್ತಿ ತೆಗೆದರೆ ಅವನ ಸಾವು ಯಾರಿಗೂ ತಟ್ಟುವುದಿಲ್ಲ. ಜೂಲಿಯೆಟ್‌ಳನ್ನು ಕಾಣುವ ಮುಂಚೆ ತಾನು ಮೋಹಿಸಿದ್ದ ರೊಸಾಲಿನ್‌ಗಾಗಿ ರೋಮಿಯೊ ನಿಟ್ಟುಸಿರುಬಿಡುವುದನ್ನು ಗ್ಯಾರಿಕ್ ಕೆಲವು ವರ್ಷದ ಮೇಲೆ ಪೂರ್ತಿ ಕಿತ್ತುಹಾಕಿದ. ನೀವು ಎಂಟು ಹತ್ತು ಸಾಲಾದರೂ ಇಟ್ಟುಕೊಳ್ಳಿ. ಇನ್ನೊಬ್ಬಳಿಗಾಗಿ ಸಾಯುತ್ತೇನೆಂದವನು ಸಂಜೆಯಷ್ಟೊತ್ತಿಗೆ ಬದಲಾಗುವುದು ನಮಗೆ ಗೊತ್ತಿರಬೇಕು. ಆಗಲೇ ಅವನ ಮಾತು ಯಾವಾಗಿನಿಂದ ನಿಜವಾಯಿತು ಎಂದು ಕಿವಿಗೆ ತಿಳಿಯುವುದು.

ಆ ಬದಲಾವಣೆ ನಡೆಯುವುದು ಔತಣದಲ್ಲಿ, ಒಂದು ಪದ್ಯದೊಳಗೆ. ಇಬ್ಬರ ಮೊದಲ ಹದಿನಾಲ್ಕು ಸಾಲು ಸೇರಿ ಒಂದು ಸುನೀತ (ಸಾನೆಟ್). ರೋಮಿಯೊಗೆ ನಾಲ್ಕು, ಜೂಲಿಯೆಟ್‌ಗೆ ನಾಲ್ಕು, ಉಳಿದ ಆರನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ, ಮುಗಿಯುವಲ್ಲಿ ಮುತ್ತು. ಗದ್ಯ ಮಾಡಿದರೆ ಇದು ಸಿನಿಮಾ ಸಂಭಾಷಣೆಯಾಗುತ್ತದೆ. ಕನ್ನಡದಲ್ಲಿ ಒಂದು ದಾರಿಯಿದೆ: ಆದಿಪ್ರಾಸ. ರೋಮಿಯೊ ಹಿಡಿದ ಎರಡನೆಯ ಅಕ್ಷರವನ್ನು ಜೂಲಿಯೆಟ್ ತನ್ನ ಸಾಲಿನಲ್ಲಿ ಎತ್ತಿಕೊಳ್ಳಲಿ, ಕೊನೆಯ ಸಾಲುಗಳಲ್ಲಿ ಅವಳೇ ಹೊಸ ಪ್ರಾಸ ಕೊಟ್ಟು ಅವನು ಹಿಂಬಾಲಿಸಲಿ. ಹುಡುಗಿ ಅವನಿಗಿಂತ ಒಂದು ಹೆಜ್ಜೆ ಚುರುಕು ಎಂದು ಸಭೆ ಅರ್ಥ ಕೇಳುವ ಮುಂಚೆಯೇ ಗ್ರಹಿಸುತ್ತದೆ.

ರಂಗಸಜ್ಜಿಕೆಗೆ ಹೆಚ್ಚು ಖರ್ಚು ಬೇಡ. ಜೂಲಿಯೆಟ್ ಇಡೀ ನಾಟಕದಲ್ಲಿ ಕಾಣಿಸಿಕೊಳ್ಳುವುದು ಮೂರೇ ಜಾಗದಲ್ಲಿ: ಅಪ್ಪನ ಮನೆ, ಪಾದ್ರಿಯ ಕೋಣೆ, ಸಮಾಧಿ. ಬೀದಿಗೆ ಒಮ್ಮೆಯೂ ಬರುವುದಿಲ್ಲ. ಹೊರಗೆ ಹೋಗಲು ಅವಳಿಗಿರುವ ಒಂದೇ ಪರವಾನಗಿ ಪಾಪನಿವೇದನೆ. ಮದುವೆಗೂ ಅದೇ ನೆಪ, ಔಷಧಕ್ಕೂ ಅದೇ ನೆಪ. ಮಾಂಟುವಾಕ್ಕೇ ಓಡಿಹೋಗಬಾರದಿತ್ತೇ ಎಂದು ಕೇಳುವವರಿಗೆ ಈ ಮೂರು ಜಾಗಗಳೇ ಉತ್ತರ. ಹಾಗಾಗಿ ಒಂದೇ ಜಗಲಿ ಸಾಕು: ಮೊದಲು ಅವಳ ಕಿಟಕಿ, ಆಮೇಲೆ ಮಂಚ, ಕೊನೆಗೆ ಸಮಾಧಿ. ಅದರ ಎತ್ತರ ಇಷ್ಟಿರಲಿ: ಕೆಳಗಿನಿಂದ ರೋಮಿಯೊ ಕೈ ಚಾಚಿ, ಮೇಲಿನಿಂದ ಅವಳು ಬಾಗಿದರೆ ಬೆರಳ ತುದಿ ತಾಕಬೇಕು, ಕೈ ಹಿಡಿಯಲಾಗಬಾರದು. ಐದೂವರೆ ಆರು ಅಡಿಗೆ ಇದು ಸಾಧ್ಯ. ಹಗ್ಗದ ಏಣಿ ಕಟ್ಟುವ ಕೊಂಡಿಯನ್ನು ಹಲಗೆಗಲ್ಲ, ಕೆಳಗಿನ ಚೌಕಟ್ಟಿಗೆ ಬಿಗಿಯಿರಿ.

ಮಂಚವನ್ನು ತೆಗೆಯದಿರುವುದಕ್ಕೆ ಇನ್ನೊಂದು ಲಾಭವಿದೆ. ಔಷಧ ಕುಡಿದು ಜೂಲಿಯೆಟ್ ಬಿದ್ದ ಮೇಲೆ ಅವಳು ಅಲ್ಲೇ ಕಾಣುತ್ತಿರುವಾಗ, ಮುಂದಿನ ದೃಶ್ಯದ ಅಡುಗೆಮನೆಯ ಗಡಿಬಿಡಿ ಕೆಳಗೆ ನಡೆಯಲಿ. ಬೆಳಗಿನ ಮೂರು ಗಂಟೆ, ಖರ್ಜೂರ ತನ್ನಿ, ಮಸಾಲೆ ತನ್ನಿ, ಖರ್ಚು ನೋಡಬೇಡಿ, ಒಣ ಸೌದೆ ಎಲ್ಲಿ ಎಂದು ನಿದ್ದೆಗೆಟ್ಟ ಅಪ್ಪ ಸಂಭ್ರಮದಲ್ಲಿ ಓಡಾಡುತ್ತಾನೆ. ಅವನನ್ನು ಬರೀ ದುಷ್ಟನಂತೆ ಆಡಿಸಿದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ.

ಔಷಧ ಕುಡಿಯುವ ಮುಂಚಿನ ಮಾತು 45 ಸಾಲು. ನಟಿಯರು ಮೊದಲ ಸಾಲಿಗೇ ನಡುಗಲು ಶುರುಮಾಡಿ ಕೊನೆಗೆ ಏರಲು ಮೆಟ್ಟಿಲೇ ಇಲ್ಲದಂತಾಗುತ್ತದೆ. ಹೆದರಿಕೆಗಳು ಒಂದರ ಮೇಲೊಂದು ಬರುತ್ತವೆ, ಮೊದಲೆರಡು ಶುದ್ಧ ತರ್ಕ. ಔಷಧ ಕೆಲಸ ಮಾಡದಿದ್ದರೆ? ಅದಕ್ಕೆ ಚೂರಿ ಇದೆ, ಪಕ್ಕದಲ್ಲಿಡುತ್ತಾಳೆ. ಪಾದ್ರಿ ತನ್ನ ಗುಟ್ಟು ಮುಚ್ಚಲು ವಿಷ ಕೊಟ್ಟಿದ್ದರೆ? ಯೋಚಿಸಿ, ಇಲ್ಲ, ಅವನು ಒಳ್ಳೆಯವನು ಎಂದು ತೀರ್ಮಾನಿಸುತ್ತಾಳೆ. ಇಲ್ಲಿಯವರೆಗೆ ದನಿ ಸಮವಾಗಿರಲಿ. ರೋಮಿಯೊ ಬರುವ ಮುಂಚೆ ಎಚ್ಚರವಾದರೆ ಎಂಬಲ್ಲಿ ಮೊದಲು ಉಸಿರು ಕಟ್ಟುತ್ತದೆ. ಸಮಾಧಿಯ ಮೂಳೆಗಳು, ಹೊಸದಾಗಿ ಹೂತ ಟಿಬಾಲ್ಟ್, ಹುಚ್ಚು ಹಿಡಿದು ಹಿರೀಕನ ಮೂಳೆಯಿಂದ ತನ್ನದೇ ತಲೆ ಜಜ್ಜಿಕೊಳ್ಳುವ ಚಿತ್ರ, ಇವೆಲ್ಲ ಆಮೇಲೆ. ಕುಡಿಯುವುದು ಧೈರ್ಯದಿಂದಲ್ಲ, ಟಿಬಾಲ್ಟ್‌ನ ಪ್ರೇತ ರೋಮಿಯೊನನ್ನು ಹುಡುಕುತ್ತಿದೆ ಎಂದು ಕಂಡು ಅವನನ್ನು ತಡೆಯುವ ಭರದಲ್ಲಿ.

ಕಾಳಗದ ಬಗ್ಗೆ ಒಂದೇ ಮಾತು. ಜಗಳ ಬಿಡಿಸಲು ನಡುವೆ ನುಗ್ಗಿದ ರೋಮಿಯೊನ ತೋಳಿನ ಕೆಳಗಿನಿಂದ ಟಿಬಾಲ್ಟ್‌ನ ಕತ್ತಿ ಮರ್ಕ್ಯುಷಿಯೊಗೆ ತಾಗುತ್ತದೆ. ಆ ಇರಿತ ಸಭೆಗೆ ಕಾಣಲೇಬೇಕು. ಮೊನೆ ಮೊಂಡಾದ ಕತ್ತಿ ಹಿಡಿದು ಮೊದಲ ವಾರವೆಲ್ಲ ಕಾಲುಭಾಗ ವೇಗದಲ್ಲೇ ಅಭ್ಯಾಸ ಮಾಡಿ, ಮೊನೆ ಮರ್ಕ್ಯುಷಿಯೊನ ಮೈಯ ಹಿಂಬದಿಗೆ, ಸಭೆಯಿಂದ ದೂರದ ಮಗ್ಗುಲಲ್ಲಿ ಹಾದುಹೋಗಲಿ.

ಪಾತ್ರ ಹಂಚುವಾಗ ಜೂಲಿಯೆಟ್‌ಳ ತಾಯಿಗೆ ನರೆಗೂದಲು ಅಂಟಿಸಬೇಡಿ. ನಿನ್ನ ವಯಸ್ಸಿಗೆ ನಾನು ತಾಯಿಯಾಗಿದ್ದೆ ಎಂಬ ಅವಳ ಮಾತಿನಂತೆ ಅವಳಿಗೆ ಇಪ್ಪತ್ತೆಂಟರ ಆಸುಪಾಸು. ಗಂಡ ಮುಖವಾಡ ಹಾಕಿ ಕುಣಿದು ಇಪ್ಪತ್ತೈದು ವರ್ಷದ ಮೇಲಾಗಿದೆ. ತನಗಾದದ್ದನ್ನೇ ಮಗಳಿಗೂ ಮಾಡಹೊರಟ ಎಳೆಯ ಹೆಂಗಸು ಅವಳು. ಮರ್ಕ್ಯುಷಿಯೊ ಆಡಿದವನು ಮಾಂಟುವಾದ ಔಷಧ ಮಾರುವವನಾಗಿ, ಟಿಬಾಲ್ಟ್ ಪಾದ್ರಿ ಜಾನ್ ಆಗಿ ಮರಳಬಹುದು. ಹೀಗೆ ಹೊಂದಿಸಿದರೆ ಹದಿನಾಲ್ಕು ಜನಕ್ಕೆ ನಾಟಕ ದಕ್ಕುತ್ತದೆ.

ಕೊನೆಯ ದೃಶ್ಯದಲ್ಲಿ ಪಾದ್ರಿ ಚುಟುಕಾಗಿ ಹೇಳುತ್ತೇನೆ ಎಂದು ಶುರುಮಾಡಿ ಸುಮಾರು 40 ಸಾಲು ಮಾತಾಡುತ್ತಾನೆ. ನಮಗೆಲ್ಲ ಗೊತ್ತಿರುವ ಕಥೆ, ಏಳೆಂಟು ಸಾಲಿಗೆ ಇಳಿಸಿ. ಮದುವೆ ಮಾಡಿಸಿದ್ದು ನಾನು, ದಾದಿಗೂ ಗೊತ್ತಿತ್ತು, ತಪ್ಪಿದ್ದರೆ ನನ್ನ ಹಳೆಯ ಜೀವ ತೆಗೆಯಿರಿ ಎಂಬ ಮೂರು ಅಂಶ ಉಳಿಯಲಿ. ತಂದೆಯರ ರಾಜಿಯನ್ನು ಮಾತ್ರ ಕತ್ತರಿಸಬೇಡಿ, ಸಂಗೀತ ಹಾಕಿ ಮೃದುವೂ ಮಾಡಬೇಡಿ. ಕೈ ಕೊಡು, ನನ್ನ ಮಗಳಿಗೆ ನಿಮ್ಮ ಮನೆಯಿಂದ ಬರಬೇಕಾದ ಆಸ್ತಿ ಇದೇ ಎಂದು ಕ್ಯಾಪ್ಯುಲೆಟ್ ಹೇಳುತ್ತಾನೆ. ಅದಕ್ಕಿಂತ ಹೆಚ್ಚು ಕೊಡುತ್ತೇನೆ, ಅವಳ ಪ್ರತಿಮೆಯನ್ನು ಅಪ್ಪಟ ಚಿನ್ನದಲ್ಲಿ ಮಾಡಿಸುತ್ತೇನೆ ಎನ್ನುತ್ತಾನೆ ರೋಮಿಯೊನ ತಂದೆ ಮಾಂಟೆಗ್ಯೂ. ಹಾಗಾದರೆ ರೋಮಿಯೊನದೂ ಅಷ್ಟೇ ಭರ್ಜರಿಯಾಗಿ ಪಕ್ಕದಲ್ಲಿರುತ್ತದೆ ಎಂದು ಕ್ಯಾಪ್ಯುಲೆಟ್ ಮತ್ತೆ ಏರಿಸುತ್ತಾನೆ. ಹಿಂದಿನ ದಿನವಷ್ಟೇ 40 ಡ್ಯುಕಾಟ್ ಕೊಟ್ಟು ವಿಷ ಕೊಂಡ ರೋಮಿಯೊ, ವಿಷ ಮಾರಿದ್ದು ನೀನಲ್ಲ, ಚಿನ್ನ ಕೊಟ್ಟ ನಾನು ಎಂದಿದ್ದ. ಇಬ್ಬರು ಮುದುಕರೂ ಈ ಸಾಲುಗಳನ್ನು ಅಳುತ್ತಾ ಹೇಳದೆ, ಹರಾಜಿನಲ್ಲಿ ಒಬ್ಬರ ಮೇಲೊಬ್ಬರು ಕೂಗುವವರ ಚುರುಕಿನಲ್ಲೇ ಹೇಳಲಿ.